ಲಿಫ್ಟು ಕೆಟ್ಟ ದಿನ

ಜಗತ್ತಿನ ಮಹತ್ವದ ಘಟನೆಗಳ ಸಾಲಿಗೆ ಸೇರಬೇಕಾದ ಸಂಗತಿಯೊಂದು ಆ ಬೆಳಿಗ್ಗೆ ನಡೆಯಿತು: ಆಸ್ಪತ್ರೆಯ ಲಿಫ್ಟು ಕೆಟ್ಟಿತು.

ಹುಡುಗಿ ಊರುಗೋಲು ಊರಿಕೊಂಡು ಅದರ ಮುಂದೆ ನಿಂತಳು. ಮೆಡಿಕಲ್ ಓದಲು ಬೇಕಾದ ಅಂಕ ಅವಳಲ್ಲಿತ್ತು. ಎಡಗಾಲಿನಲ್ಲಿ ಶಕ್ತಿಯಿಲ್ಲವೆಂದು ವೈದ್ಯರ ಮಂಡಳಿ ಇವತ್ತು ಒಪ್ಪಿಬಿಟ್ಟರೆ ಅಂಗವಿಕಲರ ಮೀಸಲು ಸೀಟು ಅವಳದು. ಮಂಡಳಿ ಕೂರುವುದು ಮೂರನೇ ಮಹಡಿಯಲ್ಲಿ.

ಲಿಫ್ಟಿನ ಪಕ್ಕದ ಬೆಂಚಿನಲ್ಲಿ ಹಿರಿಯರೊಬ್ಬರು ಮಂಡಿ ನೀವಿಕೊಳ್ಳುತ್ತ ಕೂತಿದ್ದರು.

"ಕೂತ್ಕೊಳಮ್ಮ. ರಿಪೇರಿಯೋನು ಬರ್ಲಿ. ನಾನಂತೂ ಹತ್ತಲ್ಲ."

ಅವಳು ಕೂರುವವಳೇ. ಆದರೆ ಜೊತೆಗೆ ಸೋದರಮಾವ ಬಂದಿದ್ದ. ಕರೆಯದೆಯೇ ಬಂದು ಹೆಗಲು ಕೊಡುವ ಮನುಷ್ಯ. ಆ ಹೆಗಲಿನಿಂದ ಇಳಿಯುವುದೇ ಕಷ್ಟ.

"ಹೆಸರು ಕೂಗಿದಾಗ ಇಲ್ದಿದ್ರೆ ಗೈರುಹಾಜರಿ ಹಾಕ್ತಾರೆ, ನಡಿ. ಡಾಕ್ಟರಾಗೋಳು ಮೆಟ್ಟಿಲಿಗೆ ಹೆದರಿದ್ರೆ ಹೇಗೆ?"

"ನಾನೇನೂ ಹೆದರಿಲ್ಲ ಮಾವ. ಕಾಲಿಗೆ ಹೇಳು."

ಮಾವ ಅವಳ ಚೀಲ, ಊರುಗೋಲು ಎರಡನ್ನೂ ಹಿಡಿದು ಪರ್ವತಾರೋಹಣದ ಗುರುವಿನಂತೆ ಮುಂದೆ ನಡೆದ. ಅವಳು ಮೆಟ್ಟಿಲ ಮೇಲೆ ಕೂತು, ಕೈ ಊರಿ, ಹಿಮ್ಮುಖವಾಗಿ ಒಂದೊಂದನ್ನೇ ಏರಿದಳು.

"ದಿನಾ ಬಾರಮ್ಮ, ನಂಗೆ ಗುಡಿಸೋದು ತಪ್ಪುತ್ತೆ," ಎಂದಳು ಕಸ ಗುಡಿಸುವಾಕೆ. ಬಿಳಿ ಕೋಟಿನ ಇಬ್ಬರು "ಗಟ್ಟಿಗಿತ್ತಿ" ಎಂದು ಮೆಚ್ಚಿ, ಬದಿಗೆ ಸರಿದು ಇಳಿದುಹೋದರು.

ಮೇಲೆ ಜವಾನ ಬಾಗಿಲಿಗೆ ಬೀಗ ಹಾಕುತ್ತಿದ್ದ.

"ಅಧ್ಯಕ್ಷರಿಗೆ ಮಂಡಿ ನೋವು, ಹತ್ತಕ್ಕಾಗಲ್ವಂತೆ. ಮಂಡಳಿ ಇವತ್ತು ಕೆಳಗೇ ಕೂತಿದೆ."

ಕೂತೇ ಹತ್ತಿದವಳು ಕೂತೇ ಇಳಿದಳು. ಅದೇ ಬೆಂಚು, ಅದೇ ಹಿರಿಯರು. ಅಕ್ಕಪಕ್ಕದಲ್ಲಿ ಆ ಎರಡು ಬಿಳಿ ಕೋಟು.

"ಮೂರು ಮಹಡಿ ಹತ್ತಿ ಇಳಿದ್ಯಲ್ಲಮ್ಮ," ಎಂದರು ಅಧ್ಯಕ್ಷರು. "ಇವರಿಬ್ಬರು ಕಣ್ಣಾರೆ ನೋಡಿದಾರೆ. ಅಂಥ ಕಾಲಿಗೆ ಮೀಸಲಾತಿ ಹೇಗೆ ಕೊಡೋದು?"

"ಹತ್ತಿದ್ದು ಕಾಲಲ್ಲ ಸರ್, ಕೈ. ನಿಮಗೆ ಅದೂ ಆಗ್ಲಿಲ್ಲ."

"ನಾನು ಸೀಟು ಕೇಳ್ತಿಲ್ವಲ್ಲ," ಎಂದರು ಅವರು, ಮಂಡಿ ನೀವಿಕೊಳ್ಳುತ್ತ, ಯಾವ ಕೋಪವೂ ಇಲ್ಲದೆ.



ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಮಂಡಳಿಯ ಎದುರು ಖುದ್ದಾಗಿ ಹಾಜರಾಗಬಹುದೆಂದು, ಹಿಂದೆಯೇ ಇಳಿದು ಬಂದ ಜವಾನ ತಿಳಿಸಿದ. ಮಾವ ಆಗಲೇ ಚೀಲ ಎತ್ತಿಕೊಂಡ.

ಆ ಮಂಡಳಿ ಕೂರುವುದು ಐದನೇ ಮಹಡಿಯಲ್ಲಿ. ಲಿಫ್ಟು ಇದೇ.