ಮೂರು ಕೋನ ಹುಡುಕಿದ್ದು

ಈ ಮನೆಯ ಮೌನವ್ರತವನ್ನು ಇವತ್ತು ಮುರಿದೇ ತೀರುತ್ತೇನೆಂದು ಬೆಳಗ್ಗೆ ಒಲೆಯ ಮುಂದೆ ಶಪಥ ಮಾಡಿದೆ! ವ್ರತ ನನ್ನದಲ್ಲ, ನಮ್ಮ ಯಜಮಾನರದು. ಗಣಿಯ ಸರ್ವೆ ಆಫೀಸಿನಲ್ಲಿ ಅಳತೆಯ ಸರಪಳಿ ಹಿಡಿಯುವ ಅವರು ಪರೀಕ್ಷೆ ಪಾಸಾದರೆ ನಕ್ಷೆ ಬರೆಯುವ ಕೆಲಸ ಸಿಗುತ್ತದಂತೆ. ಹಾಗಾಗಿ ಮನೆಗೆ ಬಂದರೆ ರೇಖಾಗಣಿತದ ಪುಸ್ತಕಕ್ಕೇ ಮುಖ. ಬಂಗಾರಪೇಟೆಯ ತುಂಬಿದ ಮನೆಯಿಂದ ಊರಿಗಾಂ ಗಣಿಯವರ ಲೈನುಮನೆಗೆ ಬಂದ ನನಗೆ ಜೊತೆ, ಇನ್ನೂ ಮಾತು ಬಾರದ ಮಗಳೊಬ್ಬಳೇ.

ಪಲ್ಯಕ್ಕೆ ಉಪ್ಪು ಸಾಕೇ ಎಂದು ನಿನ್ನೆ ಕೇಳಿದ್ದಕ್ಕೆ, "ಈ ಲೆಕ್ಕ ಬಿಡಿಸೋವರ್ಗೂ ಮಾತಾಡಿಸ್ಬೇಡ ಕಣೇ!" ಎಂದರು.

ಲೆಕ್ಕ ತಾನೇ? ನಾನೂ ಮಿಡ್ಲ್ ಸ್ಕೂಲು ಮೆಟ್ಟಿಲು ಹತ್ತಿದವಳು! ಅವರ ಪುಸ್ತಕ ಇಣುಕಿ ನೋಡಿದೆ: ತ್ರಿಕೋನದ ಕೋನಗಳ ಅನುಪಾತ ಒಂದು, ಎರಡು, ಮೂರು, ಕೋನಗಳನ್ನು ಕಂಡುಹಿಡಿ. ಅವರು ಡ್ಯೂಟಿಗೆ ಹೋದೊಡನೆ ಅಂಗಳದಲ್ಲಿ ಇದ್ದಿಲಿನಿಂದ ತ್ರಿಕೋನ ಗೀಚಿಕೊಂಡು ಕೂತೆ.

ಗೋಡೆಯಾಚೆಯಿಂದ ಹಾಲು ಮಾರುವ ನರಸಮ್ಮಕ್ಕ ಇಣುಕಿದರು.

"ಏನಮ್ಮಣ್ಣಿ, ಒಬ್ಳೇ ಏನ್ ಉಡುಕ್ತಿದ್ದೀಯ?"

"ಮೂರು ಕೋನ, ಅಕ್ಕಾ. ಸಿಗ್ತಾನೇ ಇಲ್ಲ."

"ಮೂರೂನಾ! ಎಂಗವೆ ನೋಡಕ್ಕೆ?"

"ಒಂದು ಚಿಕ್ಕದು. ಇನ್ನೊಂದು ಅದರ ಎರಡರಷ್ಟು. ದೊಡ್ಡದು ಮೂರರಷ್ಟು!"

"ಅಯ್ಯೋ ಸಿವನೇ! ಅಳ್ಬೇಡ ಇರು, ನಮ್ಮೋರ್ಗೆ ಯೋಳಿ ಉಡುಕಿಸ್ತೀನಿ!"

ಇವರ ಗಂಡ ಮುನಿಸ್ವಾಮಪ್ಪನಿಗೂ ರೇಖಾಗಣಿತ ಬರುತ್ತದೆಯೇ! ಎಂಥ ವಿದ್ಯಾವಂತರ ಲೈನು ಎಂದು ಹಿಗ್ಗಿದೆ.

ಮಧ್ಯಾಹ್ನ ಮುದ್ದೆ ಕಟ್ಟುವಾಗ ದಾರಿ ಹೊಳೆಯಿತು. ಮಗಳಿಗೊಂದು ಪಾಲು, ನನಗೆರಡು, ಅವರಿಗೆ ಮೂರು, ಒಟ್ಟು ಆರು. ತ್ರಿಕೋನದ ನೂರೆಂಬತ್ತು ಡಿಗ್ರಿಯನ್ನು ಆರು ಪಾಲು ಮಾಡಿದರೆ ಪಾಲಿಗೆ ಮೂವತ್ತು. ಮೂವತ್ತು, ಅರವತ್ತು, ತೊಂಬತ್ತು! ಮಗಳು ತನ್ನ ಮೂವತ್ತು ಡಿಗ್ರಿಯನ್ನು ಮೂಗಿಗೂ ಬಳಿದುಕೊಂಡಳು. ನನ್ನ ಅರವತ್ತನ್ನು ನಾನು ಉಂಡೆ. ಅವರ ತೊಂಬತ್ತು ಎಂದಿನಂತೆ ಮುಚ್ಚಿಟ್ಟ ತಟ್ಟೆಯಲ್ಲಿ ಆರಿತು.

ಸಂಜೆ ಹೂ ಮುಡಿದು, ಹೇಳಬೇಕಾದ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡು ಕಾದೆ. ಬಾಗಿಲು ಬಡಿದ ಸದ್ದು. ತೆಗೆದರೆ ಅವರಲ್ಲ, ಕೋಣ! ಹಗ್ಗದ ಈಚೆ ತುದಿಯಲ್ಲಿ ಮುನಿಸ್ವಾಮಪ್ಪ.

"ನಡೂದು ಸಿಕ್ತು ಕಣಮ್ಮಾ! ಚಿಕ್ಕದೂ ದೊಡ್ಡದೂ ಕೋರಮಂಡಲ್ ಲೈನ್ ಕಡೀಕೆ ಓಗಿರ್ಬೇಕು, ನಾಳೆ ತತ್ತೀನಿ!"

ನರಸಮ್ಮಕ್ಕನ ಕಿವಿಯಲ್ಲಿ ಕೋನವೂ ಕೋಣವೂ ಒಂದೇ ಎಂದು ಆಗ ತಿಳಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಕಂಬಕ್ಕೆ ಕಟ್ಟಿ ಹೊರಟೇಹೋದ. ಅವನ ಬೆನ್ನಿಗೇ ಇವರು ಬಂದರು.

"ಏನೇ ಇದು?"

"ಅರವತ್ತು ಡಿಗ್ರಿ, ರೀ!"

ಎಲ್ಲ ಹೇಳಿದೆ. ಅವರು ನಕ್ಕರು! ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಲೆಕ್ಕ ಸರಿಯಾಗಿದೆ ಕಣೇ, ಶಭಾಷ್!"

"ಹಾಗಾದ್ರೆ ಮಾತಾಡಿ."

"ಇರು, ಇದೊಂದು ನೋಡ್ಬಿಡ್ತೀನಿ. ಅನುಪಾತ ಎರಡು, ಮೂರು, ನಾಲ್ಕು..." ಎನ್ನುತ್ತ ಪುಟ ತಿರುವಿ ಕೂತರು.

ಆರಿದ ತೊಂಬತ್ತು ಡಿಗ್ರಿಯನ್ನು ಕೋಣದ ಮುಂದಿಟ್ಟೆ. ರಾತ್ರಿಗೆ ಬಿಸಿಯಾಗಿ ಬೇರೆ ಕಟ್ಟಿದರಾಯಿತು. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಹೊಸಿಲಲ್ಲಿ ಕೂತು, ಜೋಡಿಸಿಟ್ಟಿದ್ದ ಮಾತುಗಳನ್ನೆಲ್ಲ ಕೋಣಕ್ಕೇ ಹೇಳಿದೆ. ಪಾಪ, ಒಂದೊಂದಕ್ಕೂ ತಲೆಯಾಡಿಸಿತು.

ದೀಪ ಹಚ್ಚುವ ಹೊತ್ತಿಗೆ ಕೋಣದ ಯಜಮಾನ ಅದನ್ನು ಹುಡುಕಿಕೊಂಡು ಬಂದ. ನನ್ನ ಯಜಮಾನರು ಇನ್ನೂ ಪುಸ್ತಕದಿಂದ ಈಚೆಗೆ ಬಂದಿಲ್ಲ!