ಲೋಕಲ್ ಅಲ್ಲದ ಮಗಳ ಫೀಸ್ ರಿಯಾಯಿತಿ

ನೌಕಾಪಡೆಯವರನ್ನು ಮದುವೆಯಾದರೆ ಗಂಡ ಸಮುದ್ರದಲ್ಲಿರುತ್ತಾರೆ, ಕಚೇರಿ ಸುತ್ತುವ ಕೆಲಸ ಹೆಂಡತಿಯ ಪಾಲಿಗೆ ಬರುತ್ತದೆ. ಅದಕ್ಕೆ ನಾನು ಒಗ್ಗಿಹೋಗಿದ್ದೆ. ಆದರೆ ಮಗಳನ್ನು ಕಾಲೇಜಿಗೆ ಸೇರಿಸುವಾಗ ಅನುಭವಿಸಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಕೇಳಿದವರು ಮಾತ್ರ ನಗುತ್ತಾರೆ.

ನಾವು ಧಾರವಾಡ ಕಡೆಯವರು. ಮನೆ ವಿಶಾಖಪಟ್ಟಣದ ಪೆಂದುರ್ತಿಯಲ್ಲಿ. ಮಗಳಿಗೆ ಅದೇ ಊರಿನ ಋಷಿಕೊಂಡದ ಕಡೆಯ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಲೋಕಲ್ ಮಕ್ಕಳಿಗೆ ಫೀಸಿನಲ್ಲಿ ರಿಯಾಯಿತಿ. ಇವಳು ಅಕ್ಷರ ಕಲಿತದ್ದೇ ಇಲ್ಲಿ. ಆದರೆ ನಡುವೆ ಅಪ್ಪನಿಗೆ ಕಾರವಾರಕ್ಕೆ ವರ್ಗವಾಗಿ ಸ್ವಲ್ಪ ಕಾಲ ಅಲ್ಲಿ ಓದಿದ್ದಳು. ನಡುವೆ ಹೊರರಾಜ್ಯದಲ್ಲಿ ಓದಿದವರು ಲೋಕಲ್ ಅಲ್ಲ ಎಂಬುದು ನಿಯಮವಂತೆ, ಅಷ್ಟಕ್ಕೇ ನಾನ್-ಲೋಕಲ್ ಆಗಿಬಿಟ್ಟಳು. ವರ್ಗವಾಗುವ ನೌಕರರ ಮಕ್ಕಳಿಗೆ ಈ ನಿಯಮದಿಂದ ವಿನಾಯಿತಿ ಇದೆ ಎಂದು ಕಾಲೇಜಿನ ಕೈಪಿಡಿಯಲ್ಲೇ ಅಚ್ಚಾಗಿತ್ತು. ಆ ವಿನಾಯಿತಿಯ ಪತ್ರ ಬಾರದಿದ್ದರೆ ಸೀಟು ಬಿಡಬೇಕಿತ್ತು. ಪೂರ್ತಿ ಫೀಸು ಕಟ್ಟುವುದು ನಮ್ಮಿಂದಾಗುವ ಮಾತಲ್ಲ.

ಸಮುದ್ರದ ಊರು

ಆ ಪತ್ರ ಕೊಡುವ ಕಚೇರಿಗೆ ಮೊದಲ ಸಲ ಹೋದಾಗ ಗುಮಾಸ್ತರು ಮಗಳ ಅಪ್ಪನ ಈಗಿನ ವಾಸಸ್ಥಳ ಕೇಳಿದರು. ಹಡಗಿನಲ್ಲಿದ್ದಾರೆ ಅಂದೆ. ಹಡಗು ಎಲ್ಲಿದೆ ಅಂದರು. ಅದನ್ನು ನನಗೂ ಹೇಳುವುದಿಲ್ಲ, ಸಮುದ್ರದಲ್ಲಿದೆ ಅಂತಷ್ಟೇ ಗೊತ್ತು ಅಂದೆ. ಅವರು ಬಹಳ ಹೊತ್ತು ಕಂಪ್ಯೂಟರ್ ನೋಡಿದರು. ಗ್ರಾಮ, ಮಂಡಲ, ಅಂದರೆ ನಮ್ಮ ಕಡೆಯ ತಾಲೂಕಿನಂಥದ್ದು, ತುಂಬದಿದ್ದರೆ ಅದು ಮುಂದಕ್ಕೇ ಹೋಗುವುದಿಲ್ಲವಂತೆ.

ಕೊನೆಗೆ ತಾಳ್ಮೆಯಿಂದಲೇ ಕೇಳಿದರು: "ಸರಿ ಅಮ್ಮಾ, ಆ ಸಮುದ್ರ ಯಾವ ಮಂಡಲಕ್ಕೆ ಬರುತ್ತೆ?"

ತೆಲುಗು ಬರುವ ಹುಡುಗಿ

ಮರುವಾರ ಮಗಳನ್ನೂ ಕರೆದುಕೊಂಡು ಅದೇ ಕಚೇರಿಗೆ ಹೋದೆ. ನಮ್ಮ ಮುಂದೆ ಒಬ್ಬ ಅಜ್ಜಿ ತಮ್ಮ ಮೊಮ್ಮಗನ ಕೆಲಸಕ್ಕೆ ಬಂದಿದ್ದರು. ಅವರು ಹಳ್ಳಿಯ ತೆಲುಗಿನಲ್ಲಿ ಹೇಳುವುದು ಗುಮಾಸ್ತರಿಗೆ ತಿಳಿಯುತ್ತಿರಲಿಲ್ಲ, ಇವರು ಹೇಳುವುದು ಅಜ್ಜಿಗೆ ಕೇಳುತ್ತಿರಲಿಲ್ಲ. ನನ್ನ ಮಗಳು ನಡುವೆ ನಿಂತು ಅಜ್ಜಿಯ ಕೆಲಸ ಮುಗಿಸಿಕೊಟ್ಟಳು. ಮನೆಯಲ್ಲಿ ನನ್ನ ಜೊತೆ ಕನ್ನಡಕ್ಕೆ ತಡವರಿಸುವವಳು ಅಲ್ಲಿ ನೀರು ಕುಡಿದ ಹಾಗೆ ತೆಲುಗು ಮಾತಾಡುತ್ತಿದ್ದಳು.

ಗುಮಾಸ್ತರಿಗೆ ಬಹಳ ಖುಷಿಯಾಯಿತು. ಇಷ್ಟು ಚೆಂದದ ತೆಲುಗು ಈ ಊರಲ್ಲೇ ಬೆಳೆದ ಮಕ್ಕಳಿಗೆ ಮಾತ್ರ ಬರಲು ಸಾಧ್ಯ ಎಂದು ಪಕ್ಕದವರಿಗೂ ಹೇಳಿದರು. ಆಮೇಲೆ ನಮ್ಮ ಅರ್ಜಿ ಕೈಗೆತ್ತಿಕೊಂಡು ಮೇಲಿನ ಸಾಲು ಓದಿದರು. ಮುಖ ಸಣ್ಣದಾಯಿತು.

"ನಾನ್-ಲೋಕಲ್ಲಾ? ಹಾಗಾದ್ರೆ ತೆಲುಗು ಬರುವವರನ್ನ ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಬನ್ನಿ."

ಊರಿನ ಕಾಗದ

ಕರ್ನಾಟಕದಲ್ಲಿ ಇವಳು ಯಾವ ರಿಯಾಯಿತಿಯನ್ನೂ ಪಡೆದಿಲ್ಲ ಅಂತ ಅಲ್ಲಿಂದ ಬರೆಸಿ ತನ್ನಿ ಎಂದು ಗುಮಾಸ್ತರು ಹೇಳಿದರು. ನನ್ನ ಅಣ್ಣ ಊರಲ್ಲಿ ರಜೆ ಹಾಕಿ ಓಡಾಡಿದ. ಒಂದು ವಾರದ ಮೇಲೆ ಫೋನ್ ಮಾಡಿದ. ದನಿಯಲ್ಲೇ ಸಿಟ್ಟಿತ್ತು.

"ಬರದು ಕೊಡ್ತಾರಂತ ತಂಗಿ. ಆದ್ರ ಅದಕ್ಕ ಆಕಿ ಮೊದಲ ಇಲ್ಲೆ ಕಾಲೇಜ್ ಸೇರಬೇಕಂತ."

ವಿಜಯವಾಡದ ಸಾಹೇಬರು

ಇದನ್ನೆಲ್ಲ ವಿಜಯವಾಡದ ದೊಡ್ಡ ಕಚೇರಿಯ ಸಾಹೇಬರಿಗೇ ಹೇಳೋಣ ಎಂದು ತಾಯಿ ಮಗಳು ರೈಲು ಹತ್ತಿದೆವು. ಸೀಟು ಕಾಯ್ದಿರಿಸಲು ಆಗಿರಲಿಲ್ಲ. ಅರ್ಧ ದಾರಿ ನಿಂತೇ ಹೋದೆವು. ಅಲ್ಲಿ ಹೋದರೆ ಸಾಹೇಬರ ಕೋಣೆಗೆ ಬೀಗ. ಹೊರಗೆ ಕೂತಿದ್ದ ಜವಾನ ಒಳ್ಳೆಯವ, ನೀರು ತಂದುಕೊಟ್ಟ. ಸಾಹೇಬರು ಆಗಲೇ ಗನ್ನವರಂನಿಂದ ವಿಮಾನ ಹತ್ತಿದರು ಅಂದ. ಎಲ್ಲಿಗೆ ಅಂದೆ.

"ನಿಮ್ಮ ವಿಶಾಖಪಟ್ಟಣಕ್ಕೇ ಅಮ್ಮಾ. ಜನ ಇಷ್ಟು ದೂರ ಬಂದು ಕಷ್ಟಪಡಬಾರ್ದು ಅಂತ ಅಲ್ಲೇ ಅಹವಾಲು ಕೇಳ್ತಾರೆ. ಇವತ್ತೊಂದೇ ದಿನ."

ಮಗಳು ನಕ್ಕಳು. ನಾನು ನಗಲಿಲ್ಲ. ಅವಳ ಮೇಲೂ ರೇಗಿದೆ. ವಾಪಸ್ ಬರುವಾಗ ರೈಲಿನಲ್ಲಿ ಅವಳು, "ಹೋಗ್ಲಿ ಬಿಡವ್ವ, ಬೇರೆ ಏನಾದ್ರೂ ಓದ್ತೀನಿ" ಅಂದಳು. ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆಗ ನಾನು ಹಟಕ್ಕೆ ಬಿದ್ದೆ.

ತಂದೆ ಖುದ್ದು ಹಾಜರು

ತಂದೆಯೇ ಬಂದು ಸಹಿ ಮಾಡಬೇಕು ಎಂದು ಕಚೇರಿಯಿಂದ ಕೊನೆಯ ತಕರಾರು ಬಂತು. ಅದೃಷ್ಟಕ್ಕೆ ಹಡಗು ದಡ ಸೇರಿತು. ಯಜಮಾನರು ಬಿಳಿ ಯೂನಿಫಾರ್ಮಿನಲ್ಲೇ ನೆಟ್ಟಗೆ ಕಚೇರಿಗೆ ಬಂದು ಗುಮಾಸ್ತರ ಮುಂದೆ ನಿಂತರು. ನಾನು ಕೈಪಿಡಿ ಬಿಚ್ಚಿ ವಿನಾಯಿತಿಯ ಸಾಲಿನ ಮೇಲೆ ಬೆರಳಿಟ್ಟು, ಇದನ್ನು ಓದುವವರೆಗೆ ನಾವು ಯಾರೂ ಇಲ್ಲಿಂದ ಕದಲುವುದಿಲ್ಲ ಅಂದೆ. ನನ್ನ ದನಿಗೆ ಒಳಗಿದ್ದ ಹಿರಿಯ ಅಧಿಕಾರಿಣಿ ಎದ್ದು ಬಂದರು. ಓದಿದರು. ಇದರಲ್ಲಿ ಕೇಳುವುದಕ್ಕೆ ಏನಿದೆ, ವರ್ಗವಾಗುವ ನೌಕರರ ಮಗಳು ತಾನೇ ಎಂದು ನಿಂತಲ್ಲೇ ಸಹಿ ಹಾಕಿ ಒಳಗೆ ಹೋದರು. ಇಷ್ಟೂ ದಿನ ಅವರು ಆ ಗೋಡೆಯ ಆಚೆಗೇ ಕೂತಿದ್ದರು.

ಮಗಳು ಅಪ್ಪನ ತೋಳು ಹಿಡಿದುಕೊಂಡಳು. ನನ್ನ ಕಣ್ಣಲ್ಲಿ ನೀರು ಬಂತು. ಸಿಟ್ಟಿಗೋ ಸಮಾಧಾನಕ್ಕೋ ಗೊತ್ತಾಗಲಿಲ್ಲ.

ಗುಮಾಸ್ತರು ಮಾತ್ರ ಬೇಸರದಲ್ಲಿದ್ದರು. ನನ್ನನ್ನು ಪಕ್ಕಕ್ಕೆ ಕರೆದು, ತಂದೆ ಬರಲಾರರು ಎಂದುಕೊಂಡು ನಮಗಾಗಿ ತಾವು ಒಂದು ಸುಲಭದ ದಾರಿ ಹುಡುಕಿಟ್ಟಿದ್ದಾಗಿ ಹೇಳಿದರು. ತಂದೆ ಕಾಣೆಯಾದ ಮಕ್ಕಳಿಗೆ ಪೂರ್ತಿ ಫೀಸೇ ಮಾಫಿಯಂತೆ. ಎಲ್ಲಿದ್ದಾರೋ ಗೊತ್ತಿಲ್ಲ ಅಂತ ನಾನೇ ಹೇಳಿದ್ದೆನಲ್ಲ, ಹಾಗಾಗಿ ಕಾಣೆಯಾದವರು ಅಂತಲೇ ಬರೆದಿಟ್ಟಿದ್ದರಂತೆ.

ಯಜಮಾನರಿಗೆ ಕೇಳಿಸಿತು. "ಅಲ್ರೀ, ನಾ ಇಲ್ಲೇ ನಿಂತೇನಲ್ಲ" ಅಂದರು.

ನಾನು ಅದನ್ನು ತೆಲುಗಿನಲ್ಲಿ ಹೇಳಿದೆ. ಗುಮಾಸ್ತರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಿಟ್ಟುಸಿರು ಬಿಟ್ಟರು.

"ಅದೇ ಮೇಡಂ ನಾನೂ ಹೇಳೋದು. ಸಾರ್ ಬಂದು ಎಲ್ಲಾ ಕೆಡಿಸಿಬಿಟ್ರು."