ಶಾಲಿಲ್ಲದವರು ಯಾರೂ ಇರಬಾರದು

ರುದ್ರಮುನಿ ಹೂಲಿ ಮೇಷ್ಟ್ರು ತಮ್ಮ ಯಂತ್ರವನ್ನು ಎಂಜಿನಿಯರಿಂಗ್ ಮೊದಲ ವರ್ಷದ ತರಗತಿಗೆ ಉರುಳಿಸಿಕೊಂಡು ಬಂದಾಗ ಹಿಂದಿನ ಬೆಂಚಿನವರೂ ಮೊಬೈಲು ಒಳಗಿಟ್ಟರು. ಹಳೆಯ ಏರ್ ಕೂಲರಿನ ಡಬ್ಬಿಗೆ ಗಾಲಿ, ಎರಡು ಉದ್ದನೆಯ ಕೈ, ನೆತ್ತಿಯ ಮೇಲೊಂದು ಕ್ಯಾಮೆರಾ. ಹೆಸರು ವಿಧೇಯ. ಕನ್ನಡದಲ್ಲಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿತ್ತು.

“ಬೋರ್ಡು ಸ್ವಚ್ಛ ಆಗೂತನಕ ಒರಸು,” ಎಂದರು ಹೂಲಿ.

ವಿಧೇಯ ಒರೆಸಿತು. ಆದರೆ ಬೋರ್ಡಿನ ಮೂಲೆಯಲ್ಲಿ ಯಾವುದೋ ಕಾಲದ ಪೇಂಟಿನ ಕಲೆಯಿತ್ತು. ಅದು ಹೋಗದಿದ್ದಾಗ ವಿಧೇಯ ಬೋರ್ಡಿನ ಬಣ್ಣವನ್ನೇ ಕೆರೆಯತೊಡಗಿತು. ಹೂಲಿ ಓಡಿಹೋಗಿ ಅದರ ಬೆನ್ನಿನ ಗುಂಡಿ ಒತ್ತಿದರು. ಮುಖದಲ್ಲಿ ಮಾತ್ರ ಹಿಗ್ಗು.

“ನೋಡಿದ್ರಿಲ್ಲ? ಇದಕ್ಕ ಲೂಪ್ ಅಂತಾರ. ಹೇಳಿದ ಶರತ್ತು ಪೂರಾ ಆಗೂತನಕ ಅದ ಕೆಲಸ ತಿರುಗಿ ತಿರುಗಿ ಮಾಡ್ತೈತಿ. ನಿಮ್ಮ ಮನಸ್ಸಿನಾಗ ಏನೈತಿ ಅಂತ ಕೇಳೂದಿಲ್ಲ.”

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಶಶಿರೇಖಾ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಅವರು ಹೂಲಿಯವರ ಹೆಂಡತಿ, ಅದೇ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕಿ. ಗದುಗಿನ ಸುತ್ತಮುತ್ತ ಯಾವ ಸಮಾರಂಭವಿದ್ದರೂ ನಿರೂಪಣೆಗೆ ಅವರೇ ಬೇಕು. ವಾಕ್ಯ ಕಟ್ಟುವುದರಲ್ಲಿ ತಮ್ಮ ಸಮ ಯಾರೂ ಇಲ್ಲವೆಂದು ಅವರಿಗೂ ಒಳಗೊಳಗೇ ಅನಿಸಿತ್ತು.

ಆ ಮಾರ್ಚಿನಲ್ಲಿ ಗಣಿತದ ಇನಾಮದಾರ ಸರ್ ನಿವೃತ್ತರಾಗುವವರಿದ್ದರು. ಗಂಡ ಹೆಂಡತಿ ಇಬ್ಬರಿಗೂ ಪಾಠ ಹೇಳಿದವರು ಅವರು. ಬೀಳ್ಕೊಡುಗೆಯ ದಿನ ಶಾಲು ಹೊದಿಸುವ ಕೆಲಸವನ್ನು ವಿಧೇಯನೇ ಮಾಡಲಿ ಎಂದು ಹೂಲಿ ಹಟ ಹಿಡಿದರು. ಊಟದ ಮೇಜಿನ ಮುಂದೆ ಕೂತು ಸೂಚನೆಗಳನ್ನೂ ಬರೆದರು. ಒಬ್ಬೊಬ್ಬ ಅತಿಥಿಗೂ ಒಂದು ಸಲ ಶಾಲು ಹೊದಿಸು. ಹೊದಿಸಿದವರನ್ನು ನೆನಪಿಡು. ನೆನಪಿಟ್ಟವರಿಗೆ ಮತ್ತೆ ಹೊದಿಸಬೇಡ. ಎಲ್ಲರದೂ ಮುಗಿದ ಮೇಲೆ ನಿಲ್ಲು.

“ಇದೇನ್ರೀ, ಸಂತಿ ಚೀಟಿ ಇದ್ದಂಗ ಐತಿ,” ಎಂದರು ಶಶಿರೇಖಾ.

“ಪ್ರೋಗ್ರಾಮ್ ಅಂದ್ರ ಹಂಗ ಇರ್ತೈತಿ.”

“ಕನ್ನಡದಾಗ ಬರಿಯೂದಾದ್ರ ಕನ್ನಡ ಆಗಿರಬೇಕಲ್ಲ. ಇಷ್ಟೆಲ್ಲಾ ಯಾಕ? ವೇದಿಕೆಯ ಮೇಲೆ ಶಾಲಿಲ್ಲದವರು ಯಾರೂ ಇರಬಾರದು. ಮುಗೀತು,” ಎಂದು ಶಶಿರೇಖಾ ಅವನ್ನೆಲ್ಲ ಅಳಿಸಿ ಆ ಒಂದೇ ವಾಕ್ಯ ಬರೆದರು.

ಹೂಲಿ ಅದನ್ನು ತುಟಿಯಲ್ಲೇ ಓದಿಕೊಂಡರು. ಹೆಂಡತಿಯ ಕನ್ನಡಕ್ಕೆ ಅವರು ಮದುವೆಗೆ ಮುಂಚೆಯೇ ಸೋತವರು. ಆದರೂ ಪರೀಕ್ಷೆ ಮಾಡದೆ ಬಿಡುವವರಲ್ಲ. ಮೂರು ಕುರ್ಚಿಗಳನ್ನು ಸಾಲಾಗಿಟ್ಟು, ಅವೇ ಅತಿಥಿಗಳೆಂದು ವಿಧೇಯನಿಗೆ ತೋರಿಸಿದರು. ಅದು ಮೂರಕ್ಕೂ ಶಾಲು ಹೊದಿಸಿ ಸುಮ್ಮನೆ ನಿಂತಿತು.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಆಡಳಿತ ಮಂಡಳಿಯ ಅಧ್ಯಕ್ಷ ಶೆಟ್ಟರು, ಹುಬ್ಬಳ್ಳಿಯಿಂದ ಬಂದ ಮುಖ್ಯ ಅತಿಥಿ, ನಡುವೆ ಇನಾಮದಾರ ಸರ್. ಮೈಕಿನ ಹಿಂದೆ ಶಶಿರೇಖಾ. ವಿಧೇಯ ಮೂವರಿಗೂ ನಯವಾಗಿ ಶಾಲು ಹೊದಿಸಿತು. ಚಪ್ಪಾಳೆಯೋ ಚಪ್ಪಾಳೆ. ಕೆಳಗೆ ಹೂಲಿ ಎದೆಯುಬ್ಬಿಸಿ ನಿಂತಿದ್ದರು.

ಫೋಟೊ ಆದ ಕೂಡಲೇ ಶೆಟ್ಟರು, ಎಲ್ಲ ಗಣ್ಯರೂ ಮಾಡುವಂತೆ, ಶಾಲು ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಮುಖ್ಯ ಅತಿಥಿಯೂ ಹಾಗೇ ಮಾಡಿದರು. ಹೊರಟಿದ್ದ ವಿಧೇಯ ತಿರುಗಿ ಬಂದು, ತಟ್ಟೆಯಲ್ಲಿ ಹೆಚ್ಚಿಗೆ ಇಟ್ಟಿದ್ದ ಶಾಲು ತೆಗೆದು ಇಬ್ಬರಿಗೂ ಮತ್ತೊಂದೊಂದು ಹೊದಿಸಿತು. ಇದು ವಿಶೇಷ ಗೌರವವಿರಬೇಕೆಂದು ಜನ ಮತ್ತೆ ಚಪ್ಪಾಳೆ ತಟ್ಟಿದರು. ಅವರು ಮತ್ತೆ ತೆಗೆದರು. ಅದು ಮತ್ತೆ ಹೊದಿಸಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

“ಏ ಹೂಲಿ, ಸಾಕ ಮಾಡಪಾ, ಸೆಕಿಗೆ ಸಾಯಾಕತ್ತೀವಿ,” ಎಂದು ಶೆಟ್ಟರು ಇಬ್ಬರ ಶಾಲುಗಳನ್ನೂ ಗಂಟು ಮಾಡಿ ವೇದಿಕೆಯಿಂದ ಕೆಳಗೆ ಎಸೆದರು.

ಹೂಲಿ ಗುಂಡಿ ಒತ್ತಲು ಮೇಲೆ ಓಡಿದರು. ಅವರ ಮೈಮೇಲೂ ಶಾಲಿರಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಶಾಲನ್ನು ವಿಧೇಯ ಅವರಿಗೇ, ಅವರ ಎರಡೂ ಕೈ ಒಳಗೆ ಸೇರುವಂತೆ, ಬಿಗಿಯಾಗಿ ಸುತ್ತಿತು. ಮೇಷ್ಟ್ರು ಪಡವಲಕಾಯಿಯಂತೆ ನೆಟ್ಟಗೆ ನಿಂತರು.

ತಟ್ಟೆ ಖಾಲಿಯಾದ ಮೇಲೆ ವಿಧೇಯ ಮೇಜಿನ ಹಾಸುಬಟ್ಟೆಯನ್ನು ಎಳೆಯಿತು. ನೀರಿನ ಲೋಟ, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲ ಉರುಳಿದವು. ಬಟ್ಟೆ ಮುಖ್ಯ ಅತಿಥಿಯ ಹೆಗಲೇರಿತು. ಆಮೇಲೆ ಹಿಂದಿನ ಬ್ಯಾನರನ್ನೇ ಕಿತ್ತು ಶೆಟ್ಟರಿಗೆ ಹೊದಿಸಿತು. ಬ್ಯಾನರಿನ ಮೇಲಿದ್ದ ಇನಾಮದಾರ ಸರ್ ಅವರ ನಗುಮುಖ ಶೆಟ್ಟರ ಹೊಟ್ಟೆಯ ಮೇಲೆ ಬಂದು ಕೂತಿತು. ವಿದ್ಯಾರ್ಥಿಗಳು ಬಾಯಿಗೆ ಕರವಸ್ತ್ರ ಒತ್ತಿಕೊಂಡರು.

ಶೆಟ್ಟರು ಬ್ಯಾನರನ್ನು ಹರಿದು ಬಿಸಾಕಿದರು. ವಿಧೇಯ ಸುತ್ತಲೂ ನೋಡಿತು. ಹೊದಿಸಲು ಬಟ್ಟೆಯಿಲ್ಲ, ಆದರೆ ಶಾಲಿಲ್ಲದವರು ವೇದಿಕೆಯ ಮೇಲೆ ಇರಬಾರದು. ಅದು ಶೆಟ್ಟರ ಕಂಕುಳಿಗೆ ಕೈ ಹಾಕಿ, ಮೊಸರಿನ ಗಡಿಗೆ ಎತ್ತಿದಷ್ಟು ಜೋಪಾನವಾಗಿ ಎತ್ತಿ, ಮುಂದಿನ ಸಾಲಿನ ಎದುರು ಇಳಿಸಿತು. ಅದನ್ನು ಕಂಡ ಮುಖ್ಯ ಅತಿಥಿ ಹಾಸುಬಟ್ಟೆಯ ಸಮೇತ ತಾವಾಗಿಯೇ ಇಳಿದುಹೋದರು.

ಶಶಿರೇಖಾ ಮೈಕಿನ ಕಂಬ ಹಿಡಿದು ನಿಂತೇ ಇದ್ದರು. ಹೆಗಲ ಮೇಲಿನ ಸೆರಗನ್ನು ಶಾಲೆಂದುಕೊಂಡೋ ಏನೋ, ವಿಧೇಯ ಅವರ ತಂಟೆಗೆ ಹೋಗಲಿಲ್ಲ. ಇನಾಮದಾರ ಸರ್ ಕೂಡ ಮೊದಲು ಹೊದಿಸಿದ ಶಾಲನ್ನು ತೆಗೆದೇ ಇರಲಿಲ್ಲ. ಬೆವರು ಇಳಿಯುತ್ತಿದ್ದರೂ ಅಲ್ಲಾಡದೆ ಕೂತಿದ್ದರು.

“ಶಶಿರೇಖಾ, ಅದಕ್ಕ ಏನಂತ ಹೇಳ್ಯಾರವ್ವಾ?” ಎಂದು ಕೇಳಿದರು.

ಅವರು ಮೆಲ್ಲಗೆ ಹೇಳಿದರು. ಮೈಕು ಚಾಲೂ ಇತ್ತು. ಆ ವಾಕ್ಯ ಇಡೀ ಸಭಾಂಗಣದಲ್ಲಿ ಮೊಳಗಿತು. ಎಷ್ಟು ಸೊಗಸಾಗಿದೆ ಎಂದು ಮನೆಯಲ್ಲಿ ಅನಿಸಿದ್ದ ವಾಕ್ಯ ಈಗ ಬೆನ್ನಿನಲ್ಲಿ ಮುಳ್ಳಿನಂತೆ ಚುಚ್ಚಿತು. ಇದು ನನ್ನದು ಎನ್ನಲು ಬಾಯಿ ತೆರೆದರು.

ಅಷ್ಟರಲ್ಲಿ ಸುತ್ತಿದ ಶಾಲಿನೊಳಗಿಂದಲೇ ಹೂಲಿ ಕೂಗಿದರು: “ತಪ್ಪು ನಂದ ಸರ್. ನಾನ ಬರದದ್ದು.”

ಶಶಿರೇಖಾ ತೆರೆದ ಬಾಯಿ ಹಾಗೇ ಮುಚ್ಚಿತು. ಗಂಡನ ಮುಖ ನೋಡಲಾಗದೆ ಕಾಲಬೆರಳು ನೋಡುತ್ತ ನಿಂತರು.

“ಹಂಗಾರ ನಾವೂ ಇಳಿಯೂಣು,” ಎಂದರು ಸರ್. “ಮ್ಯಾಲೆ ಯಾರೂ ಇರಲಿಲ್ಲಂದ್ರ, ಶಾಲಿಲ್ಲದವರೂ ಇರೂದಿಲ್ಲ.”

ಮೆಟ್ಟಿಲು ತಲುಪಿದ ಮೇಲೆ ಅವರು ಶಾಲು ತೆಗೆದು ಹತ್ತಿರದ ಕುರ್ಚಿಯ ಮೇಲಿಟ್ಟು ಇಳಿದರು. ಶಶಿರೇಖಾ ಗಂಡನನ್ನು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದರು.

ವೇದಿಕೆ ಖಾಲಿಯಾಯಿತು. ವಿಧೇಯ ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು. ಆಮೇಲೆ ಕ್ಯಾಮೆರಾ ಬಗ್ಗಿಸಿ ತನ್ನನ್ನೇ ನೋಡಿಕೊಂಡಿತು. ಕುರ್ಚಿಯ ಮೇಲಿದ್ದ ಇನಾಮದಾರ ಸರ್ ಅವರ ಶಾಲನ್ನು ಎತ್ತಿ, ಕೊಡವಿ, ತನಗೇ ಹೊದ್ದುಕೊಂಡು ವೇದಿಕೆಯ ನಟ್ಟನಡುವೆ ಸ್ತಬ್ಧವಾಗಿ ನಿಂತಿತು. ಫೋಟೊಗ್ರಾಫರ್ ಅಭ್ಯಾಸಬಲದಿಂದ ಫ್ಲ್ಯಾಶ್ ಹೊಡೆದ. ವಿದ್ಯಾರ್ಥಿಗಳ ಚಪ್ಪಾಳೆ ಶೆಟ್ಟರು ಎದ್ದು ನಿಂತು ಗದರಿದರೂ ನಿಲ್ಲಲಿಲ್ಲ.

ಉಳಿದ ಕಾರ್ಯಕ್ರಮ ವೇದಿಕೆಯ ಕೆಳಗೇ ನಡೆಯಿತು. ಇನಾಮದಾರ ಸರ್ ನಾಲ್ಕು ಮಾತಾಡಿದರು, ಎಲ್ಲರೂ ಊಟಕ್ಕೆ ಎದ್ದರು. ಶೆಟ್ಟರು ಹೂಲಿಯವರನ್ನು ಮೂಲೆಗೆ ಕರೆದು ಕೈ ಬೀಸಿ ಬೀಸಿ ಬೈಯುತ್ತಿದ್ದರು. ಹೂಲಿ ತಲೆ ತಗ್ಗಿಸಿ ಎಲ್ಲಕ್ಕೂ ಹೌದೆನ್ನುತ್ತಿದ್ದರು. ಒಮ್ಮೆಯೂ ಹೆಂಡತಿಯ ಕಡೆ ತಿರುಗಲಿಲ್ಲ.

ಶಶಿರೇಖಾ ಊಟ ಬಿಟ್ಟು ಎದ್ದರು. ಮೊದಲು ಸೀದಾ ಶೆಟ್ಟರ ಎದುರು ಹೋಗಿ, “ಅವರಿಗೆ ಬೈಬ್ಯಾಡ್ರಿ. ಅವರು ಸರಿಯಾಗಿ ಬರೆದಿದ್ರು, ನಾನು ಅಳಿಸಿ ತಿದ್ದಿದೆ,” ಎಂದರು. ಶೆಟ್ಟರ ಬೀಸಿದ ಕೈ ಗಾಳಿಯಲ್ಲೇ ನಿಂತಿತು. ಹೂಲಿ ತಲೆ ಎತ್ತಿ ಹೆಂಡತಿಯ ಕಡೆ ನೋಡಿದರು.

ಆಮೇಲೆ ಶಶಿರೇಖಾ ಇನಾಮದಾರ ಸರ್ ಊಟಕ್ಕೆ ಕೂತಿದ್ದಲ್ಲಿಗೆ ಬಂದು ನಿಂತರು.

“ಸರ್, ನಿಮ್ಮ ದಿನ ಹಾಳು ಮಾಡಿದೆ. ಆ ವಾಕ್ಯ ನಂದು.”

ಸರ್ ಹೋಳಿಗೆ ಮುರಿಯುತ್ತ ತಲೆ ಎತ್ತದೆ ಹೇಳಿದರು:

“ಗೊತ್ತವ್ವಾ. ಹೂಲಿಗೆ ಅಷ್ಟು ಚಂದ ಕನ್ನಡ ಬರೂದಿಲ್ಲ.”